ವಾಯುಪುತ್ರನ ಗುಡ್ಡದ ಕೆಳಗೆ ಗಾಳಿ ಹೀರುವ ಪೆಟ್ಟಿಗೆ

ಮಹಾಲಕ್ಷ್ಮಿ ಲೇಔಟಿನಲ್ಲಿ ಪ್ರಸನ್ನ ವೀರಾಂಜನೇಯ ನಿಂತಿರುವುದು ಗುಡ್ಡದ ಮೇಲೆ. ಹತ್ತಿ ಹೋದ ಭಕ್ತರು ಏದುಸಿರು ಬಿಡುತ್ತಲೇ ಕೈಮುಗಿಯುತ್ತಾರೆ. ಏದುಸಿರಿಗೆ ಕಾರಣ ಗುಡ್ಡದ ಏರು. ಆದರೂ ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ತೆಳು ಎಂಬುದೂ ನಿಜವೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮಂಗಳೂರಿನ ಕಡಲತೀರದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್ ಇದ್ದರೆ ವಾಯುಪುತ್ರನ ಈ ಬಡಾವಣೆಯಲ್ಲಿ 91ರ ಆಸುಪಾಸು. ಅದಕ್ಕೇ ಇಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ, 97ರ ಹತ್ತಿರ, ಮರಳತೊಡಗುತ್ತದೆ.

ಒತ್ತಡದ ಈ ಸಂಖ್ಯೆ ಯಾಕೆ ಬೇಕಾಯಿತೆಂದರೆ, ಮನೆಗೊಂದು ವ್ಯಾಕ್ಯೂಮ್ ಸೀಲರ್, ಅಂದರೆ ಆಹಾರದ ಕವರಿನ ಗಾಳಿ ಎಳೆದು ಬಾಯಿ ಅಂಟಿಸುವ ಯಂತ್ರ, ಕೊಳ್ಳಹೊರಟವರ ಕಣ್ಣಿಗೆ ಮೊದಲು ಬೀಳುವುದೇ ಡಬ್ಬದ ಮೇಲಿನ ಕಿಲೋಪ್ಯಾಸ್ಕಲ್. ಒಂದರ ಮೇಲೆ ಮೈನಸ್ 60, ಇನ್ನೊಂದರ ಮೇಲೆ ಮೈನಸ್ 80, ಮತ್ತೊಂದರ ಮೇಲೆ ಮೈನಸ್ 95. ಕೊನೆಯದನ್ನು ನೋಡಿ ನಮಗೆ ನಗು ಬರಬೇಕು. ಇಲ್ಲಿ ಇರುವುದೇ 91. ಅದರಲ್ಲಿ 95 ತೆಗೆಯುವುದು ಎಲ್ಲಿಂದ? ಇಂಥ ಅಂಕಿಗಳು ಸಮುದ್ರಮಟ್ಟದ ಲೆಕ್ಕದವು. ಪಂಪು ಎಳೆಯುವುದು ಇರುವ ಗಾಳಿಯಲ್ಲಿ ಇಂತಿಷ್ಟು ಪಾಲನ್ನು. ಕಡಲತೀರದಲ್ಲಿ 101ರಲ್ಲಿ 80 ತೆಗೆದು 21 ಉಳಿಸುವ ಯಂತ್ರ, ಇಲ್ಲಿ 91ರಲ್ಲಿ 72ರಷ್ಟು ತೆಗೆದು 19 ಉಳಿಸುತ್ತದೆ. ಎರಡೂ ಕಡೆ ಉಳಿಯುವುದು ಐದರಲ್ಲೊಂದು ಪಾಲು. ಮೈನಸ್ 60ರ ಅಗ್ಗದ ಯಂತ್ರವಾದರೆ ಐದರಲ್ಲಿ ಎರಡು ಪಾಲು ಗಾಳಿ ಒಳಗೇ ಇರುತ್ತದೆ. ನಿರ್ವಾತ ಎಂದು ನಾವು ಕರೆಯುವುದು ಮರ್ಯಾದೆಗೆ. ಅಡುಗೆಮನೆಯ ಕಟ್ಟೆಯ ಮೇಲೆ ಅದು ಯಾವತ್ತೂ ಪೂರ್ತಿ ಆಗುವುದಿಲ್ಲ.

ಹಾಗಾದರೆ 60ಕ್ಕೂ 80ಕ್ಕೂ ಇರುವ ವ್ಯತ್ಯಾಸಕ್ಕೆ ದುಡ್ಡು ಸುರಿಯಬೇಕೆ? ಅದು ಗಾಳಿ ತೆಗೆಯುವುದು ಯಾವುದರಿಂದ ಎಂಬುದರ ಮೇಲೆ ನಿಂತಿದೆ. ಗಾಜಿನ ಜಾಡಿ ಕುಗ್ಗುವುದಿಲ್ಲ. ಒಳಗೆ ಉಳಿದ ಗಾಳಿ ಅಷ್ಟೂ ಜಾಗವನ್ನು ತುಂಬಿಕೊಂಡು ಕೂರುತ್ತದೆ, ಅರ್ಧ ಖಾಲಿಯಾದ ಜಾಡಿಯಲ್ಲಂತೂ ಅದು ಬೇಕಾದಷ್ಟಾಯಿತು. ಜಾಡಿಗೆ ಪಂಪಿನ ಬಲ ಮುಖ್ಯ. ಪ್ಲಾಸ್ಟಿಕ್ ಕವರಿನದು ಬೇರೆ ಕಥೆ. ಗಾಳಿ ಹೋಗುತ್ತಿದ್ದಂತೆ ಕವರು ಪದಾರ್ಥಕ್ಕೆ ಅಂಟಿಕೊಳ್ಳುತ್ತದೆ, ಉಳಿದ ಗಾಳಿಗೆ ನಿಲ್ಲಲು ಜಾಗವೇ ಕಡಿಮೆ. ಪನೀರಿನಂಥ ಮೆತ್ತನೆಯ ತುಂಡಾದರೆ ಸಾಧಾರಣ ಪಂಪೂ ಸಾಕು. ರವೆ, ಕಾಫಿಪುಡಿ, ಹುಳಿಪುಡಿಗಳಲ್ಲಿ ಕಣಗಳ ನಡುವಿನ ಸಂದಿಗಳು ಹಾಗೇ ಉಳಿಯುತ್ತವೆ. ಹೊರಗಿನ ಒತ್ತಡ ಕಣಗಳನ್ನು ಒಂದಕ್ಕೊಂದು ಬಿಗಿದು ಇಡೀ ಪೊಟ್ಟಣ ಇಟ್ಟಿಗೆಯಾಗುತ್ತದೆ. ಈ ಗಟ್ಟಿತನವೇ ಒಂದು ಪುಕ್ಕಟೆ ಮಾಪಕ. ವಾರದ ನಂತರ ಮುಟ್ಟಿದಾಗ ಇಟ್ಟಿಗೆ ಮೆತ್ತಗಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ.

ಇಷ್ಟು ಗಾಳಿ ತೆಗೆದು ನಾವು ಪಡೆಯುವುದಾದರೂ ಏನು? ಗಾಳಿಯ ಜೊತೆ ಹೋಗುವುದು ಆಮ್ಲಜನಕ. ನೀರು ಹೋಗುವುದಿಲ್ಲ, ಬ್ಯಾಕ್ಟೀರಿಯಾ ಹೋಗುವುದಿಲ್ಲ, ಹುಳದ ಮೊಟ್ಟೆ ಹೋಗುವುದಿಲ್ಲ. ಆದ್ದರಿಂದ ಯಂತ್ರ ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು, ನಮ್ಮ ಮನೆಯ ಪದಾರ್ಥ ಕೆಡುವುದು ಯಾರಿಂದ ಎಂದು.

ಪಶ್ಚಿಮ ಬೆಂಗಳೂರಿನ ಮನೆಗಳಿಂದ ಅಮೆರಿಕಕ್ಕೋ ಜರ್ಮನಿಗೋ ಹೋಗುವ ಸೂಟ್‌ಕೇಸಿನಲ್ಲಿ ಏನಿರುತ್ತದೆ ನೋಡಿ: ಸಾರಿನಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಚಕ್ಕುಲಿ, ಒಂದೆರಡು ಹೋಳಿಗೆ. ರಾಜಾಜಿನಗರ, ಮಲ್ಲೇಶ್ವರದ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಪರದೇಶಕ್ಕೆ ಹೋಗುವ ತಿಂಡಿಗೆ ವ್ಯಾಕ್ಯೂಮ್ ಪ್ಯಾಕ್ ಮಾಡಿಕೊಡುವುದು ಈಗ ಮಾಮೂಲು. ಆ ಸೂಟ್‌ಕೇಸಿನ ಒಂದೊಂದು ಪೊಟ್ಟಣದ ಶತ್ರುವೂ ಬೇರೆ ಬೇರೆ.

ಚಟ್ನಿಪುಡಿಯ ಶತ್ರು ಆಮ್ಲಜನಕ. ಎಣ್ಣೆಕಾಳಿನ ಕೊಬ್ಬಿನ ಅಣುಗಳಲ್ಲಿ ಕೆಲವು ಕಡೆ ಇಂಗಾಲದ ಜೋಡಿಬಂಧಗಳಿರುತ್ತವೆ. ಆಮ್ಲಜನಕ ದಾಳಿ ಮಾಡುವುದು ಅವುಗಳ ನೆರೆಯಲ್ಲೇ. ಒಂದು ಅಣು ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಸರಪಳಿ ಬೆಳೆಯುತ್ತದೆ, ಕೊನೆಗೆ ನಮ್ಮ ಮೂಗಿಗೆ ಕಮಟು ವಾಸನೆ. ಜೋಡಿಬಂಧ ಹೆಚ್ಚಿದ್ದಷ್ಟೂ ಕೆಡುವ ವೇಗ ಹೆಚ್ಚು. ಅಗಸೆ ಎಣ್ಣೆಯಲ್ಲಿ ಅರ್ಧಕ್ಕೂ ಮಿಗಿಲು ಇರುವುದು ಮೂರು ಜೋಡಿಬಂಧಗಳ ಲಿನೋಲೆನಿಕ್ ಆಮ್ಲ. ಹುಚ್ಚೆಳ್ಳಿನಲ್ಲಿ ಎರಡು ಬಂಧಗಳ ಲಿನೋಲಿಕ್ ಆಮ್ಲವೇ ಹೆಚ್ಚು. ಕಡಲೆಕಾಯಿಯಲ್ಲಿ ಒಂದೇ ಬಂಧದ ಓಲಿಕ್ ಆಮ್ಲ ದೊಡ್ಡ ಪಾಲು. ಕೊಬ್ಬರಿಯ ಕೊಬ್ಬಿನಲ್ಲಿ ಶೇಕಡ 90ರಷ್ಟಕ್ಕೆ ಜೋಡಿಬಂಧವೇ ಇಲ್ಲ. ಆದ್ದರಿಂದ ಅಗಸೆ ಚಟ್ನಿಪುಡಿಗೆ, ಹುಚ್ಚೆಳ್ಳು ಪುಡಿಗೆ ಗಾಳಿ ತೆಗೆಯುವುದು ನಿಜಕ್ಕೂ ಉಪಕಾರ. ಕೊಬ್ಬರಿ ಕೆಡುವುದು ಬಹುಮಟ್ಟಿಗೆ ತೇವದಿಂದ, ಬೂಸ್ಟಿನಿಂದ. ಅದನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ತೇವ ಕಳೆಯುವುದು ಯಂತ್ರಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಯಂತ್ರ ಮಾರುವವರು ಈ ವ್ಯತ್ಯಾಸ ಹೇಳುವುದಿಲ್ಲ. ಅವರ ಪ್ರಕಾರ ಎಲ್ಲ ಪದಾರ್ಥವೂ ಇಷ್ಟು ಪಟ್ಟು ಹೆಚ್ಚು ಬಾಳುತ್ತದೆ!

ಚಕ್ಕುಲಿಯ ಕಷ್ಟ ಬೇರೆ. ಒಳಗಿನ ಒತ್ತಡ 72 ಕಿಲೋಪ್ಯಾಸ್ಕಲ್ ಇಳಿಯಿತೆಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಹೊರಗಿನ ಗಾಳಿ ಮುಕ್ಕಾಲು ಕಿಲೋ ತೂಕದಷ್ಟು ಒತ್ತುತ್ತದೆ. ಅಂಗೈ ಅಗಲದ ಪೊಟ್ಟಣದ ಮೇಲೆ ಒಬ್ಬ ಆಳು ಹತ್ತಿ ನಿಂತ ಹಾಗೆ. ಚಕ್ಕುಲಿ ಪುಡಿಯಾಗದೆ ಇನ್ನೇನಾಗುತ್ತದೆ? ಚಿಪ್ಸ್ ಕಂಪನಿಗಳು ಗಾಳಿಯ ಬದಲು ನೈಟ್ರೋಜನ್ ತುಂಬಿ ಪೊಟ್ಟಣ ಉಬ್ಬಿಸುವುದು ಇದಕ್ಕೇ. ಮನೆಯ ಯಂತ್ರದಲ್ಲಿ ಪಲ್ಸ್ ಗುಂಡಿ ಇದ್ದರೆ ಬೇಕಾದಲ್ಲಿ ನಿಲ್ಲಿಸಿ ಸೀಲ್ ಹಾಕಬಹುದು. ಆಯ್ಕೆಯ ಪಟ್ಟಿಯಲ್ಲಿ ಈ ಗುಂಡಿಗೆ ನಾನು ಪಂಪಿನ ಬಲಕ್ಕಿಂತ ಮೇಲಿನ ಸ್ಥಾನ ಕೊಡುತ್ತೇನೆ. ಹಾಗೆಂದು ಸ್ವಲ್ಪವೂ ಗಾಳಿ ತೆಗೆಯದೆ ಕಳಿಸುವಂತಿಲ್ಲ. ವಿಮಾನದೊಳಗಿನ ಒತ್ತಡ 2400 ಮೀಟರ್ ಎತ್ತರದ ಬೆಟ್ಟದಲ್ಲಿರುವಷ್ಟಕ್ಕೆ, ಸುಮಾರು 75 ಕಿಲೋಪ್ಯಾಸ್ಕಲ್‌ಗೆ, ಇಳಿಯಬಹುದು. ಬೆಂಗಳೂರಿನ ಗಾಳಿ ತುಂಬಿದ ಪೊಟ್ಟಣ ಅಲ್ಲಿ ಐದನೇ ಒಂದು ಪಾಲು ಹಿಗ್ಗುತ್ತದೆ. ಬಟ್ಟೆಗಳ ನಡುವೆ ಒತ್ತಿ ತುಂಬಿದ್ದರೆ ಬಾಯಿ ಬಿಚ್ಚಿಕೊಳ್ಳಲೂಬಹುದು.

ಇನ್ನು ಹೋಳಿಗೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಹೂರಣದಲ್ಲಿ ತೇವ ಇದೆ, ಹುಳಿ ಇಲ್ಲ. ಹೊರಗಿಟ್ಟ ಹೋಳಿಗೆ ಒಂದೆರಡು ದಿನದಲ್ಲಿ ಹಳಸುತ್ತದೆ, ಬೂಸ್ಟು ಹಿಡಿಯುತ್ತದೆ. ಕಂಡ ತಕ್ಷಣ ಎಸೆಯುತ್ತೇವೆ. ಬೂಸ್ಟಿಗೆ ಆಮ್ಲಜನಕ ಬೇಕು. ನಾತ ಹಬ್ಬಿಸುವ ಹಲವು ಬ್ಯಾಕ್ಟೀರಿಯಾಗಳಿಗೂ ಬೇಕು. ಗಾಳಿ ತೆಗೆದಾಗ ಇವೆಲ್ಲ ಮಂಕಾಗುತ್ತವೆ, ಪೊಟ್ಟಣ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಗಾಳಿ ಇಲ್ಲದ ಕಡೆಯೇ ಬೆಳೆಯುವ ಜೀವಿಗಳೂ ಇವೆ, ಅವುಗಳಲ್ಲಿ ಕುಖ್ಯಾತವಾದದ್ದು ಕ್ಲಾಸ್ಟ್ರಿಡಿಯಂ ಬೊಟುಲಿನಮ್. ಮಣ್ಣಿನಲ್ಲಿ ಇದರ ಸ್ಪೋರುಗಳು, ಅಂದರೆ ಗಟ್ಟಿ ಕವಚದ ಬೀಜರೂಪಗಳು, ಎಲ್ಲೆಡೆ ಇವೆ. ಕುದಿಯುವ ನೀರು ಅವಕ್ಕೆ ಲೆಕ್ಕಕ್ಕಿಲ್ಲ. ತೇವ, ಹುಳಿಯಿಲ್ಲದ ಆಹಾರ, ಬೆಚ್ಚನೆಯ ವಾತಾವರಣ, ಆಮ್ಲಜನಕದ ಅಭಾವ, ಈ ನಾಲ್ಕೂ ಕೂಡಿಬಂದರೆ ಮೊಳೆತು, ಮನುಷ್ಯನಿಗೆ ಗೊತ್ತಿರುವ ಅತಿ ಪ್ರಬಲ ವಿಷಗಳಲ್ಲೊಂದನ್ನು ತಯಾರಿಸುತ್ತವೆ. ಅದು ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನೇ ಕಡಿದುಹಾಕುತ್ತದೆ. ಮೊದಲು ಕಣ್ಣೆವೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ಮುಂದುವರಿದರೆ ಉಸಿರಾಟ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ಹೋಟೆಲಿನಲ್ಲಿ ಊಟ ಮಾಡಿದ 36 ಜನ ಈ ವಿಷಕ್ಕೆ ತುತ್ತಾದರು. ಕಾರಣ ಎಣ್ಣೆಯಲ್ಲಿ ಮುಳುಗಿಸಿ ಫ್ರಿಜ್ಜಿನ ಹೊರಗಿಟ್ಟಿದ್ದ ಹೆಚ್ಚಿದ ಬೆಳ್ಳುಳ್ಳಿ. ಅಲ್ಲಿ ಯಂತ್ರ ಇರಲಿಲ್ಲ; ಗಾಳಿಯನ್ನು ತಡೆದದ್ದು ಎಣ್ಣೆ.

ನಮ್ಮ ಉಪ್ಪಿನಕಾಯಿ ಭರಣಿಯಲ್ಲೂ ಮೇಲೆ ಎಣ್ಣೆ ನಿಲ್ಲಿಸುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಕಾವಲು ಕಾಯುವುದು ಉಪ್ಪು ಮತ್ತು ಹುಳಿ. ಆಹಾರದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ತಲೆ ಎತ್ತುವುದಿಲ್ಲ. ನಿಂಬೆ, ಮಾವು, ಹುಣಸೆ ಎಲ್ಲವೂ ಆ ಗೆರೆಗಿಂತ ಸಾಕಷ್ಟು ಕೆಳಗೆ. ಉಪ್ಪು, ಹುಳಿ, ಎಣ್ಣೆ ಮೂರೂ ಇರುವ ಪುಳಿಯೋಗರೆ ಗೊಜ್ಜು ಸೂಟ್‌ಕೇಸಿನಲ್ಲಿ ನಿಶ್ಚಿಂತೆಯಾಗಿ ಕೂರುವುದು ಹಾಗೆ. ಒಣಗಿದ ಸಾರಿನಪುಡಿಯಲ್ಲಿ ನೀರೇ ಇಲ್ಲದ್ದರಿಂದ ಯಾವ ಜೀವಿಯೂ ಬೆಳೆಯಲಾರದು. ಹೋಳಿಗೆ, ಪಲ್ಯ, ಬೇಯಿಸಿದ ಕಾಳು, ಹಸಿ ಬೆಳ್ಳುಳ್ಳಿ ಪೇಸ್ಟು, ಅಣಬೆ, ಮೀನು ಇವುಗಳಿಗೆ ಅಂಥ ಭರವಸೆ ಇಲ್ಲ. ಇವನ್ನು ಸೀಲ್ ಮಾಡಿದರೂ ಫ್ರಿಜ್ಜಿನಲ್ಲೇ ಇಡಬೇಕು, ಅದೂ ಕೆಲವೇ ದಿನ. ಇದೇ ಬ್ಯಾಕ್ಟೀರಿಯಾದ ಕೆಲವು ತಳಿಗಳು 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯಬಲ್ಲವು. ಹೆಚ್ಚು ದಿನಕ್ಕಾದರೆ ಫ್ರೀಜರ್. ಮಗಳಿಗೆ ಹೋಳಿಗೆ ಕಳಿಸಲೇಬೇಕೆನ್ನುವ ಅಮ್ಮಂದಿರ ಮುಂದೆ ಈ ಮಾತು ಆಡುವುದು ಸುಲಭವಲ್ಲ, ಬಲ್ಲೆ.

ಹಾಗಾದರೆ ಅಂಗಡಿಯಲ್ಲಿ ಸಿಗುವ ಬಿಸಿಬೇಳೆಬಾತ್ ಪೊಟ್ಟಣ ತಿಂಗಳುಗಟ್ಟಲೆ ಹೊರಗೇ ಇರುತ್ತದಲ್ಲ? ಅದರ ಗುಟ್ಟು ಮೈಸೂರಿನಲ್ಲಿದೆ. 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಗಡಿಯ ಸೈನಿಕರಿಗಾಗಿ ರಿಟಾರ್ಟ್ ಪೊಟ್ಟಣದ ತಂತ್ರವನ್ನು ಭಾರತೀಯ ಅಡುಗೆಗೆ ಒಗ್ಗಿಸಿತು. 1924ರಲ್ಲಿ ಹೋಟೆಲಾಗಿ ಹುಟ್ಟಿದ ಬೆಂಗಳೂರಿನ ಎಂಟಿಆರ್, ಅದೇ ತಂತ್ರದಿಂದ ಬಿಸಿಮಾಡಿ ತಿನ್ನುವ ಊಟವನ್ನು ಮಾರುಕಟ್ಟೆಗೆ ತಂದಿತು. ಅಲ್ಲಿ ಪೊಟ್ಟಣವನ್ನು ಮುಚ್ಚಿದ ಮೇಲೆ ಒತ್ತಡದ ಆವಿಯಲ್ಲಿ 121 ಡಿಗ್ರಿಯ ತನಕ ಕಾಯಿಸುತ್ತಾರೆ. ಸ್ಪೋರುಗಳು ಸಾಯುವುದು ಆ ಶಾಖಕ್ಕೆ. ಪಾಲಿಯೆಸ್ಟರ್, ಅಲ್ಯೂಮಿನಿಯಂ ಹಾಳೆ, ಪಾಲಿಪ್ರೊಪಿಲೀನ್ ಪದರಗಳ ಕವರು ಆ ಶಾಖವನ್ನು ತಡೆದುಕೊಳ್ಳುತ್ತದೆ. ಮನೆಯ ಸೀಲರ್‌ಗೂ ಆ ಪೊಟ್ಟಣಕ್ಕೂ ಹೊರರೂಪದ ಹೋಲಿಕೆ ಇದೆ, ಅಷ್ಟೆ. ಕುಕ್ಕರಿನಲ್ಲಿ ನಾವೇ ಮಾಡಿಕೊಂಡರಾಯಿತು ಎನ್ನುವ ಜಾಣರಿಗೆ ಮತ್ತೆ ನಮ್ಮೂರಿನ ಎತ್ತರ ಅಡ್ಡಬರುತ್ತದೆ: ಕಡಲತೀರದಲ್ಲಿ 120ರ ಹತ್ತಿರ ಮುಟ್ಟುವ ಕುಕ್ಕರು ಇಲ್ಲಿ 118ರ ಸುಮಾರಿಗೇ ಸೀಟಿ ಹಾಕುತ್ತದೆ.

ಅಕ್ಕಿ, ರಾಗಿಗಳ ಶತ್ರು ಹುಳ. ಪಕ್ಕದ ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ತಂದ 25 ಕಿಲೋ ಅಕ್ಕಿ ಮೂಟೆಯೊಳಗೆ, ಕಾಳಿನ ಹೊಟ್ಟೆಯಲ್ಲೇ ಮೊಟ್ಟೆಗಳಿರಬಹುದು. ಅಕ್ಕಿಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಆಮ್ಲಜನಕ ಶೇಕಡ 3ಕ್ಕಿಂತ ಕೆಳಗಿಳಿದು ಕೆಲವು ವಾರ ಹಾಗೇ ಇದ್ದರೆ ಮೊಟ್ಟೆ, ಮರಿ, ಹುಳ ಎಲ್ಲ ಸಾಯುತ್ತವೆ. ಮನೆಯ ಯಂತ್ರ ಒಂದೇ ಎಳೆತಕ್ಕೆ ಅಲ್ಲಿಯ ತನಕ ಇಳಿಸದು. ಅದರ ಅಗತ್ಯವೂ ಇಲ್ಲ, ಉಳಿದದ್ದನ್ನು ಹುಳಗಳೇ ಉಸಿರಾಡಿ ಮುಗಿಸಿಕೊಳ್ಳುತ್ತವೆ. ಬೇಕಾದದ್ದು ಹೊಸ ಗಾಳಿ ಒಳನುಗ್ಗದ ಮುಚ್ಚಳ ಮಾತ್ರ.

ಹಳೇ ಮೈಸೂರು ಸೀಮೆಯ ರೈತರಿಗೆ ಇದು ಹೊಸ ವಿದ್ಯೆ ಅಲ್ಲ. ಹಗೇವು ಎಂದರೆ ಅದೇ ತಾನೆ? ಗಟ್ಟಿ ನೆಲದಲ್ಲಿ ಕಿರಿಬಾಯಿಯ ಹಳ್ಳ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಡುವುದು. ಒಳಗಿನ ಕಾಳು, ಹುಳ, ಸೂಕ್ಷ್ಮಜೀವಿ ಎಲ್ಲ ಸೇರಿ ಆಮ್ಲಜನಕ ತೀರಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತವೆ, ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಬಾಯಿ ತೆರೆದ ತಕ್ಷಣ ಹಗೇವಿಗೆ ಇಳಿಯಬಾರದು, ದೀಪ ಇಳಿಬಿಟ್ಟು ನೋಡಬೇಕು ಎಂಬ ಕಟ್ಟಳೆಯೂ ಆ ಗಾಳಿಯಿಲ್ಲದ ಗಾಳಿಯನ್ನು ಕಂಡೇ ಹುಟ್ಟಿದ್ದು. ಊರಿಂದ ಬಂದ ರಾಗಿಗೆ ರೋಲುಗಟ್ಟಲೆ ಕವರು ಖರ್ಚುಮಾಡುವ ಬದಲು ಗಾಳಿಯಾಡದ ಮುಚ್ಚಳದ ಡ್ರಮ್ಮನ್ನು ಕಂಠದ ತನಕ ತುಂಬಿಡುವುದು ವಾಸಿ.

ಯಂತ್ರ ನಿಜವಾಗಿ ಮನೆಗೆ ಬೇಕೆನ್ನಿಸುವುದು ಡಿಸೆಂಬರ್, ಜನವರಿಯಲ್ಲಿ, ಅವರೆಕಾಯಿ ಕಾಲದಲ್ಲಿ. ಮಾಗಡಿ ಕಡೆಯ ಅವರೆ ಬೀದಿಯಲ್ಲಿ ರಾಶಿ ಬೀಳುತ್ತದೆ. ಮನೆಯವರೆಲ್ಲ ಕೂತು ಸುಲಿದು, ನೆನೆಹಾಕಿ, ಹಿತಕಿ, ಮಿಕ್ಕ ಬೇಳೆಯನ್ನು ಫ್ರೀಜರಿಗೆ ತಳ್ಳುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4 ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಕಾಯಿ ಬಿಡುತ್ತವಾದರೂ, ಚಳಿಗಾಲದ ಸೊಗಡಿಗೆ ಸೋತವರು ಒಪ್ಪುವುದಿಲ್ಲ. ಎರಡು ತಿಂಗಳ ಮೇಲೆ ತೆಗೆದರೆ ಬೇಳೆಯ ಮೇಲೆ ಬಿಳಿ ಕಲೆ, ಬೇಯಿಸಿದರೆ ನಾರು. ಫ್ರೀಜರಿನ ಚಳಿಯಲ್ಲೂ ಮಂಜುಗಡ್ಡೆ ನೇರವಾಗಿ ಆವಿಯಾಗುತ್ತದೆ. ಕವರಿನೊಳಗೆ ಖಾಲಿ ಜಾಗ ಇದ್ದರೆ ಬೇಳೆಯ ನೀರು ಆವಿಯಾಗಿ ಹೊರಟು ಕವರಿನ ಗೋಡೆಗೆ ಹಿಮವಾಗಿ ಅಂಟುತ್ತದೆ, ಬೇಳೆ ಒಣಗುತ್ತದೆ. ಕವರು ಬೇಳೆಗೆ ಅಂಟಿಕೊಂಡಿದ್ದರೆ ಆವಿಗೆ ಹೋಗಲು ದಾರಿಯಿಲ್ಲ. ಇದು ವ್ಯಾಕ್ಯೂಮ್ ಸೀಲರ್‌ನ ಅಪ್ಪಟ ಗೆಲುವು. ಆದರೆ ಬೇಳೆಯ ಕಿಣ್ವಗಳು ಫ್ರೀಜರಿನಲ್ಲೂ ಮೆಲ್ಲಗೆ ಕೆಲಸ ಮಾಡುತ್ತಿರುತ್ತವೆ. ಅದಕ್ಕೆ ಮೊದಲು ಎರಡು ನಿಮಿಷ ಮರಳುವ ನೀರಿಗೆ ಹಾಕಿ, ತಣ್ಣೀರಿಗೆ ಬಸಿದು, ಬಟ್ಟೆಯ ಮೇಲೆ ಆರಿಸಬೇಕು. ಆಮೇಲೆ ತಟ್ಟೆಯಲ್ಲಿ ಹರವಿ ಗಟ್ಟಿ ಮಾಡಿಕೊಂಡು ಸೀಲ್ ಮಾಡಿದರೆ ಜಜ್ಜುವುದಿಲ್ಲ, ನೀರೂ ಯಂತ್ರಕ್ಕೆ ಹೋಗುವುದಿಲ್ಲ. ಸೊಗಡು ಮಾತ್ರ ಇರುವುದು ಕಾಯಿಯ ಸಿಪ್ಪೆಯ ಜಿಡ್ಡಿನಲ್ಲಿ; ಅದನ್ನು ಉಳಿಸುವ ಯಂತ್ರ ಇನ್ನೂ ಬಂದಿಲ್ಲ.

ನೀರಿನ ಮಾತು ಬಂತಲ್ಲ. ಎರಡು-ಮೂರು ಸಾವಿರಕ್ಕೆ ಸಿಗುವ ಯಂತ್ರಗಳು ಕವರಿನ ಬಾಯನ್ನು ಕಚ್ಚಿ ಎಳೆಯುವಂಥವು. ಹುಳಿ, ಗೊಜ್ಜು ಹಾಕಿದರೆ ರಸವನ್ನೇ ಎಳೆದುಕೊಳ್ಳುತ್ತವೆ; ಸೀಲ್ ಬೀಳುವ ಜಾಗ ಜಿಡ್ಡಾದರೆ ಅಂಟು ನಿಲ್ಲುವುದಿಲ್ಲ. ರಸ ಹಿಡಿಯುವ ತಟ್ಟೆ ತೆಗೆದು ತೊಳೆಯಲು ಬರುವಂತಿರಬೇಕು, ಇಲ್ಲವಾದರೆ ಒಂದು ಮಳೆಗಾಲಕ್ಕೇ ಯಂತ್ರದೊಳಗೆ ಬೂಸ್ಟು. ಚೇಂಬರ್ ಯಂತ್ರದಲ್ಲಿ ಕವರನ್ನೇ ಪೆಟ್ಟಿಗೆಯೊಳಗಿಟ್ಟು ಇಡೀ ಪೆಟ್ಟಿಗೆಯ ಗಾಳಿ ತೆಗೆಯುವುದರಿಂದ ಒಳಗೂ ಹೊರಗೂ ಒತ್ತಡ ಸಮ, ರಸ ಮೇಲೇರುವುದಿಲ್ಲ. ಆದರೆ ಅದು ಹಲವು ಪಟ್ಟು ದುಬಾರಿ, ಒಬ್ಬರೇ ಎತ್ತಿಡಲಾರದಷ್ಟು ಭಾರ. ಕಾಂಡಿಮೆಂಟ್ಸ್ ಅಂಗಡಿಗೆ ಸರಿ. ಯಾವುದೇ ಆಗಲಿ, ಬಿಸಿ ಪಲ್ಯವನ್ನು ಹಾಕಬಾರದು. 60 ಡಿಗ್ರಿಯ ನೀರು 20 ಕಿಲೋಪ್ಯಾಸ್ಕಲ್‌ನಲ್ಲಿ ಕುದಿಯುತ್ತದೆ, ಒಳ್ಳೆಯ ಮನೆಯಂತ್ರ ಇಲ್ಲಿ ಮುಟ್ಟುವುದು ಹೆಚ್ಚುಕಡಿಮೆ ಅಲ್ಲಿಗೇ. ಪಂಪು ಗಾಳಿಯ ಬದಲು ಆವಿ ಎಳೆಯುತ್ತ ಕೂರುತ್ತದೆ.

ಪಂಪಿಗಿಂತ ಸೀಲಿನ ಕಡೆಗೆ ಕಣ್ಣಿಡಿ ಎಂಬುದು ನನ್ನ ಸಲಹೆ. ಗಾಳಿ ತೆಗೆಯುವುದು ಅರ್ಧ ನಿಮಿಷದ ಕೆಲಸ, ಅದನ್ನು ಆರು ತಿಂಗಳು ಹೊರಗೇ ನಿಲ್ಲಿಸುವುದು ಕವರು ಮತ್ತು ಅಂಟಿನ ಗೆರೆ. ಆ ಗೆರೆ ಅಗಲವಾಗಿದ್ದಷ್ಟೂ, ಎರಡು ಗೆರೆಯಾದರೆ ಇನ್ನೂ, ಒಳ್ಳೆಯದು. ಕವರು ನೈಲಾನ್ ಮತ್ತು ಪಾಲಿಥೀನ್ ಪದರಗಳದ್ದಾಗಿರಬೇಕು. ನೈಲಾನ್ ಆಮ್ಲಜನಕವನ್ನು ತಡೆಯುತ್ತದೆ, ಪಾಲಿಥೀನ್ ಕರಗಿ ಅಂಟುತ್ತದೆ. ಬರೀ ಪಾಲಿಥೀನ್ ನೀರಾವಿಯನ್ನೇನೋ ನಿಲ್ಲಿಸೀತು, ಆಮ್ಲಜನಕ ಅದರೊಳಗೆ ಸಲೀಸಾಗಿ ನುಸುಳುತ್ತದೆ. ಬಾಯಿ ಕಚ್ಚುವ ಯಂತ್ರಕ್ಕೆ ಒಳಮೈ ಗೀರುಗೀರಾಗಿರುವ ಕವರೇ ಬೇಕು. ನುಣುಪು ಕವರಿನ ಎರಡು ಪದರ ಅಂಟಿಕೊಂಡರೆ ಗಾಳಿ ಹೊರಬರಲು ಸಂದಿ ಇರುವುದಿಲ್ಲ. ಅಂಗಡಿಯಲ್ಲಿ ಯಂತ್ರದ ಬೆಲೆ ಕೇಳಿದ ಉಸಿರಿನಲ್ಲೇ ರೋಲಿನ ಬೆಲೆ ಕೇಳಿ, ಬೇರೆ ಕಂಪನಿಯ ರೋಲು ಹಿಡಿಸುತ್ತದೆಯೇ ಎಂದೂ ಕೇಳಿ. ಎರಡು ವರ್ಷದಲ್ಲಿ ಕವರಿಗೆ ಹೋಗುವ ದುಡ್ಡು ಯಂತ್ರದ ದುಡ್ಡನ್ನು ಮೀರಿಸಬಹುದು. ಬಾಯಿ ಕತ್ತರಿಸಿ, ತೊಳೆದು, ಒಣಪುಡಿಗಳ ಕವರನ್ನು ಮತ್ತೆ ಬಳಸಬಹುದು. ಮಾಂಸ, ಮೀನಿನದನ್ನು ಎಸೆಯಬೇಕು. ಮುಚ್ಚಳದ ಸುತ್ತಲಿನ ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತದೆಯೇ ನೋಡಿಕೊಳ್ಳಿ, ಮೊದಲು ಸವೆಯುವುದು ಅದೇ.

ದೋಸೆಹಿಟ್ಟಿನ ತಂಟೆಗೆ ಹೋಗಬೇಡಿ. ಅದನ್ನು ಹುದುಗಿಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕದ ಹಂಗಿಲ್ಲ. ರಾತ್ರಿ ಬಿಗಿದ ಪೊಟ್ಟಣ ಬೆಳಗ್ಗೆ ಅವುಗಳದೇ ಗಾಳಿಯಿಂದ ಉಬ್ಬಿರುತ್ತದೆ. ಹಸಿ ಹೂಕೋಸು, ನವಿಲುಕೋಸುಗಳೂ ಹಾಗೇ ಅನಿಲ ಬಿಡುತ್ತವೆ. ಹೊಸದಾಗಿ ಹುರಿದ ಕಾಫಿ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ, ಆದ್ದರಿಂದ ಒಳ್ಳೆಯ ಕಾಫಿ ಕವರಿಗೆ ಹೊರಮುಖದ ಸಣ್ಣ ಕವಾಟ. ವಾರಕ್ಕೆ ಕಾಲು ಕಿಲೋ ಪುಡಿ ಮಾಡಿಸಿ ತರುವ ಮನೆಗೆ ಅದ್ಯಾವುದೂ ಬೇಡ. ವರ್ಷಕ್ಕೊಂದು ಸಲ ಸೂಟ್‌ಕೇಸ್ ತುಂಬುವವರೂ ಯಂತ್ರ ಕೊಳ್ಳಬೇಕಿಲ್ಲ. ಪುಡಿಗಳನ್ನು ಕಾಂಡಿಮೆಂಟ್ಸ್ ಅಂಗಡಿಗೆ ಒಯ್ದು ಕೇಳಿದರೆ ಎಷ್ಟೋ ಕಡೆ ಚೇಂಬರ್ ಯಂತ್ರದಲ್ಲೇ ಮಾಡಿಕೊಡುತ್ತಾರೆ.